ದೆವ್ವದ ಕಾದಂಬರಿ ಓದಿದರೆ ನಿಜಕ್ಕೂ ಏನಾಗುತ್ತದೆ? 'ರಾತ್ರಿ ಒಬ್ಬರೇ ಓದಬೇಡಿ' ಮೆಸೇಜಿನ ಅಸಲಿಯತ್ತು

"ಈ ಕಾದಂಬರಿಯಲ್ಲಿ ಬರುವ ಮಂತ್ರ ನಿಜವಾದದ್ದು. ರಾತ್ರಿ ಹನ್ನೆರಡರ ಮೇಲೆ ಒಬ್ಬರೇ ಓದಿದವರಿಗೆ ಎದೆ ಹಿಡಿದುಕೊಂಡಿದೆ. ಮನೆಯಲ್ಲಿ ಈ ಪುಸ್ತಕ ಇದ್ದರೆ ಇವತ್ತೇ ಹೊರಗೆ ಹಾಕಿ. ಹತ್ತು ಜನರಿಗೆ ಕಳುಹಿಸಿ."

ಇಂಥದೊಂದು ಮೆಸೇಜು ನಿಮ್ಮ ಗ್ರೂಪಿಗೂ ಬಂದಿರಬಹುದು. ಪುಸ್ತಕದ ಹೆಸರು ಮಾತ್ರ ಆಗಾಗ ಬದಲಾಗುತ್ತದೆ. ನಮ್ಮ ಮನೆಯವರ ಗ್ರೂಪಿಗೆ ಬಂದಾಗ ಅದರಲ್ಲಿದ್ದ ಹೆಸರು 'ತುಳಸಿದಳ'.

ಬೇರೆ ದಿನವಾಗಿದ್ದರೆ ನಕ್ಕು ಡಿಲೀಟ್ ಮಾಡುತ್ತಿದ್ದೆ. ಆದರೆ ಹನೂರು ತಾಲ್ಲೂಕಿನ ಬಂಡಳ್ಳಿಯಲ್ಲಿರುವ ನನ್ನ ಸೋದರಮಾವನ ಮಗಳು, ಹತ್ತನೇ ಕ್ಲಾಸಿನವಳು, ಅದೇ ವಾರ ಅಟ್ಟದ ಮೇಲಿದ್ದ ಹಳೇ 'ತುಳಸಿದಳ'ವನ್ನು ಇಳಿಸಿಕೊಂಡು ಮೂರು ರಾತ್ರಿ ನಿದ್ದೆಗೆಟ್ಟು ಓದಿ ಮುಗಿಸಿದ್ದಳು. ನಾಲ್ಕನೇ ದಿನ ಬೆಳಗಿನ ಜಾವ ಅವಳಿಗೆ ಎಚ್ಚರವಾಗಿದೆ. ಕೈಕಾಲು ಅಲ್ಲಾಡಿಸಲು ಆಗಿಲ್ಲ, ಕೂಗೋಣ ಅಂದರೆ ಬಾಯಿ ಬಂದಿಲ್ಲ. ಬಾಗಿಲ ಹತ್ತಿರ ಯಾರೋ ನಿಂತ ಹಾಗೆ, ಎದೆ ಮೇಲೆ ಭಾರ ಇಟ್ಟ ಹಾಗೆ. ಒಂದೆರಡು ನಿಮಿಷಕ್ಕೆ ಎಲ್ಲ ಸರಿಹೋಗಿದೆ. ಅಷ್ಟರಲ್ಲಿ ಮೆಸೇಜು ಬಂದಿದೆ. ಮನೆಯವರು ಎರಡನ್ನೂ ಕೂಡಿಸಿ ನೋಡಿದರು.

ಮಾವ ನನಗೆ ಫೋನ್ ಮಾಡಿ ಕೇಳಿದ್ದು ಇಷ್ಟೇ: "ನೋಡವ್ವ, ನೀನು ಓದಿದೋಳು. ಪುಸ್ತಕ ಸುಟ್ಟಾಕ್ಬುಡದಾ, ಇಲ್ಲ ಎಲ್ಲಾದ್ರೂ ತೋರ್ಸದಾ?" ತೋರಿಸುವುದು ಅಂದರೆ ಡಾಕ್ಟರಿಗಲ್ಲ. ಯಾರೋ ಒಬ್ಬರು ಆಗಲೇ ಹನ್ನೊಂದು ಸಾವಿರ ರೂಪಾಯಿ ಆಗುತ್ತದೆ, ಮೂರು ಅಮಾವಾಸ್ಯೆ ಬರಬೇಕು ಅಂತ ಹೇಳಿ ಕಳುಹಿಸಿದ್ದರಂತೆ. ಆ ಮೂರರಲ್ಲಿ ಒಂದು ಅಮಾವಾಸ್ಯೆ ಹುಡುಗಿಯ ಪರೀಕ್ಷೆಯ ನಡುವೆ ಬೀಳುತ್ತಿತ್ತು.

ಮಾವನಿಗೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ. ಮೊದಲು ಚಿಕ್ಕ ಉತ್ತರ. ಭಯದ ಕಾದಂಬರಿ ಓದಿದರೆ ಎದೆ ಬಡಿತ ಏರುತ್ತದೆ, ಮೈ ಬೆವರುತ್ತದೆ, ನಿದ್ದೆ ಕೆಡಬಹುದು, ಕೆಟ್ಟ ಕನಸು ಬೀಳಬಹುದು. ಇದೆಲ್ಲ ನಿಜ. ಪುಸ್ತಕದೊಳಗಿನ ಮಂತ್ರ ಓದಿದವರಿಗೆ ತಗಲುತ್ತದೆ, ಓದಿದವರು ಸಾಯುತ್ತಾರೆ ಅನ್ನುವುದು ಸುಳ್ಳು.

ಹೆದರಿಸುವುದು ಅಕ್ಷರವೋ, ಚಿತ್ರವೋ?

ಒಂದು ವಿಚಿತ್ರ ಗಮನಿಸಿ. ಸಿನಿಮಾದಲ್ಲಿ ದೆವ್ವ ಕಣ್ಣೆದುರೇ ಬರುತ್ತದೆ, ಸದ್ದು ಕಿವಿಗೇ ಬಡಿಯುತ್ತದೆ. ಪುಸ್ತಕದಲ್ಲಿ ಇರುವುದು ಬಿಳಿ ಕಾಗದದ ಮೇಲೆ ಕಪ್ಪು ಅಕ್ಷರ. ಆದರೂ ಹೆದರುತ್ತೇವೆ. ಯಾಕೆ?

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದಕ್ಕೆ ಚೆನ್ನಾಗಿ ಉತ್ತರ ಕೊಡುತ್ತದೆ. ಕಣ್ಣು ಮುಚ್ಚಿಕೊಂಡರೆ ಅಮ್ಮನ ಮುಖ, ಊರಿನ ಅರಳಿಕಟ್ಟೆ ನಮ್ಮಲ್ಲಿ ಹೆಚ್ಚಿನವರಿಗೆ ಮನಸ್ಸಿನಲ್ಲಿ ಕಾಣುತ್ತದೆ. ಕೆಲವರಿಗೆ ಹಾಗೆ ಏನೂ ಕಾಣುವುದಿಲ್ಲ. ಅಮ್ಮ ಹೇಗಿದ್ದಾಳೆಂದು ಗೊತ್ತಿರುತ್ತದೆ, ಚಿತ್ರ ಮಾತ್ರ ಮೂಡುವುದಿಲ್ಲ. ಇದನ್ನು 'ಅಫ್ಯಾಂಟೇಸಿಯಾ' ಅನ್ನುತ್ತಾರೆ. ಇದು ಕಾಯಿಲೆಯಲ್ಲ, ಮನಸ್ಸು ಕೆಲಸ ಮಾಡುವ ಇನ್ನೊಂದು ರೀತಿ. ಅಂಥ 22 ಜನರನ್ನೂ ಚಿತ್ರ ಮೂಡುವ 24 ಜನರನ್ನೂ ಕತ್ತಲೆ ಕೋಣೆಯಲ್ಲಿ ಕೂರಿಸಿ, ಪರದೆಯ ಮೇಲೆ ಭಯದ ಕಥೆಯನ್ನು ಸಾಲು ಸಾಲಾಗಿ ಓದಿಸಿದರು. ಕಡಲಲ್ಲಿ ಈಜುವಾಗ ಶಾರ್ಕ್ ಬರುವಂಥ ಸನ್ನಿವೇಶಗಳು ಆ ಕಥೆಗಳಲ್ಲಿದ್ದವು. ಚರ್ಮ ಎಷ್ಟು ಬೆವರುತ್ತಿದೆ ಎಂದು ಅಳೆಯುವ ತಂತಿಗಳನ್ನು ಅವರಿಗೆ ಕಟ್ಟಿದ್ದರು.

ಚಿತ್ರ ಮೂಡುವವರಲ್ಲಿ ಕಥೆ ಮುಂದೆ ಹೋದಂತೆ ಬೆವರು ಏರುತ್ತಲೇ ಹೋಯಿತು. ಚಿತ್ರ ಮೂಡದವರಲ್ಲಿ ಹೆಚ್ಚುಕಡಿಮೆ ಏನೂ ಏರಲಿಲ್ಲ. ಆಮೇಲೆ ಇಬ್ಬರಿಗೂ ಭಯದ ಫೋಟೋಗಳನ್ನು ತೋರಿಸಿದಾಗ ಇಬ್ಬರೂ ಒಂದೇ ಥರ ಹೆದರಿದರು. ಅಂದರೆ ಚಿತ್ರ ಮೂಡದವರಿಗೆ ಧೈರ್ಯ ಜಾಸ್ತಿ ಅಂತಲ್ಲ. ಓದುವಾಗ ಹೆದರಲು ಬೇಕಾದ ಸಾಮಾನು, ಅಂದರೆ ಮನಸ್ಸಿನ ಚಿತ್ರ, ಅವರಲ್ಲಿ ತಯಾರಾಗಲಿಲ್ಲ.

ಕಾದಂಬರಿಕಾರ 'ಹಳೇ ಮನೆ' ಅಂತ ಎರಡು ಪದ ಬರೆಯುತ್ತಾನೆ. ಆ ಮನೆಯ ಜಂತೆ, ಕಿಟಕಿ, ನಡುಮನೆಯ ಕತ್ತಲೆ ಇವನ್ನೆಲ್ಲ ತುಂಬುವುದು ನೀವು, ಅದೂ ನಿಮ್ಮದೇ ಮನೆಯಿಂದ ತಂದು. ಬಂಡಳ್ಳಿಯ ಹುಡುಗಿ ಓದುವಾಗ ಆ ಕಥೆ ನಡೆದದ್ದು ಅವಳ ಅಜ್ಜಿಯ ಹೆಂಚಿನ ಮನೆಯಲ್ಲಿ. ನಾಯಿ ಬೊಗಳಿದ್ದು ಅವರ ಬೀದಿಯ ನಾಯಿಯೇ. ಪುಸ್ತಕ ಮುಚ್ಚಿದ ಮೇಲೂ ಆ ಮನೆ ಅಲ್ಲೇ ಇರುತ್ತದೆ, ಅವಳು ಅದರೊಳಗೇ ಮಲಗಬೇಕು. ಸಿನಿಮಾದ ದೆವ್ವ ಥಿಯೇಟರಿನಲ್ಲೇ ಉಳಿದರೂ ಪುಸ್ತಕದ ದೆವ್ವ ಮನೆಗೆ ಬಂದಂತೆ ಅನ್ನಿಸುವುದು ಇದಕ್ಕೇ ಇರಬೇಕು ಅಂತ ನನಗನ್ನಿಸುತ್ತದೆ.

ಮೈಯೊಳಗೆ ನಡೆಯುವುದು ಹೀಗೆ. ಮಿದುಳಿನಲ್ಲಿ ಬಾದಾಮಿ ಆಕಾರದ ಎರಡು ಚಿಕ್ಕ ಭಾಗಗಳಿವೆ, ಹೆಸರು ಅಮಿಗ್ಡಲಾ. ಅಪಾಯದ ವಾಸನೆ ಹಿಡಿಯುವುದರಲ್ಲಿ ಅದಕ್ಕೆ ದೊಡ್ಡ ಪಾತ್ರ. ಅದು ಎಚ್ಚೆತ್ತರೆ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತಿರುವ ಗ್ರಂಥಿಗಳಿಂದ ಅಡ್ರಿನಾಲಿನ್ ರಕ್ತಕ್ಕೆ ಸೇರುತ್ತದೆ. ಎದೆ ಬಡಿತ, ಉಸಿರು ಎರಡೂ ಜೋರಾಗುತ್ತವೆ, ರೋಮ ನೆಟ್ಟಗಾಗುತ್ತದೆ. ಚಿರತೆ ಎದುರಾದಾಗ ಓಡಲಿಕ್ಕೋ ಹೋರಾಡಲಿಕ್ಕೋ ಇರುವ ಏರ್ಪಾಡು ಇದು. ಇದು ಕಥೆ ಅಂತ ಹಣೆಯ ಹಿಂದಿನ ಮಿದುಳಿಗೆ ಗೊತ್ತಿರುತ್ತದೆ, ಹಾಗಾಗಿ ನಾವು ಎದ್ದು ಓಡುವುದಿಲ್ಲ. ಓಡದೆ ಉಳಿದ ಆ ಉಮೇದೇ ಕಥೆ ಮುಗಿದಾಗ ಹಾಯೆನಿಸುವ ಖುಷಿಯಾಗಿ ತಿರುಗುತ್ತದೆ ಅಂತ ಹಲವು ಮನಶ್ಶಾಸ್ತ್ರಜ್ಞರ ವಿವರಣೆ. ಪಾಲ್ ರೋಜಿನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಇದನ್ನು ಮೆಣಸಿನಕಾಯಿಗೆ ಹೋಲಿಸುತ್ತಾರೆ. ನಾಲಿಗೆ ಉರಿಯುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಆದರೆ ಸಾಯುವುದಿಲ್ಲ ಅಂತ ಗೊತ್ತಿರುವುದರಿಂದ ಇನ್ನೊಂದು ಕಚ್ಚುತ್ತೇವೆ.

ರಕ್ತ ಹೆಪ್ಪುಗಟ್ಟುತ್ತದೆಯೇ?

ಪುಸ್ತಕದ ಬೆನ್ನಿಗೆ 'ರಕ್ತ ಹೆಪ್ಪುಗಟ್ಟಿಸುವ ಕಾದಂಬರಿ' ಅಂತ ಅಚ್ಚು ಹಾಕುವುದುಂಟು. ನೆದರ್ಲೆಂಡ್ಸಿನ ಲೈಡನ್ನಿನ ವೈದ್ಯರು ಇದನ್ನು ತಮಾಷೆಗೆಂಬಂತೆ ಪರೀಕ್ಷೆ ಮಾಡಿಯೇ ಬಿಟ್ಟರು. ಆರೋಗ್ಯವಂತರಾದ 24 ಜನರಿಗೆ ಒಂದು ಭಯದ ಸಿನಿಮಾ, ಒಂದು ಸಪ್ಪೆ ಸಾಕ್ಷ್ಯಚಿತ್ರ ತೋರಿಸಿ ಮೊದಲೂ ಆಮೇಲೂ ರಕ್ತ ತೆಗೆದರು. ಭಯದ ಸಿನಿಮಾ ನೋಡಿದಾಗ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ರಕ್ತ ಹೆಪ್ಪುಗಟ್ಟಲು ಬೇಕಾದ 'ಫ್ಯಾಕ್ಟರ್ ಎಂಟು' ಎಂಬ ಪ್ರೋಟೀನು ತುಸು ಏರಿತ್ತು. ಆದರೆ ಯಾರ ರಕ್ತವೂ ಹೆಪ್ಪುಗಟ್ಟಲಿಲ್ಲ. ಗಾಯವಾದರೆ ರಕ್ತ ಹರಿದು ಹೋಗದಿರಲಿ ಅಂತ ಮೈ ಮುಂಚಿತವಾಗಿ ಮಾಡಿಕೊಳ್ಳುವ ತಯಾರಿ ಅದು. 2015ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಈ ಅಧ್ಯಯನದ ಅರ್ಧ ಭಾಗವನ್ನಷ್ಟೇ ಕತ್ತರಿಸಿದರೆ ಭಯಂಕರವಾದ ಇನ್ನೊಂದು ಫಾರ್ವರ್ಡ್ ಸಿದ್ಧವಾಗುತ್ತದೆ!

ಹಾಗಾದರೆ ಭಯದಿಂದ ಹೃದಯಕ್ಕೆ ಏನೂ ಆಗುವುದೇ ಇಲ್ಲವೇ? ಆಗುವುದುಂಟು. ಮಗ ಸತ್ತ ಸುದ್ದಿ, ಭೂಕಂಪ, ಅಪಘಾತದಂಥ ತೀವ್ರ ಆಘಾತದಲ್ಲಿ ಹೃದಯದ ಸ್ನಾಯು ತಾತ್ಕಾಲಿಕವಾಗಿ ಸೋಲುವ 'ಟಕೋಟ್ಸುಬೊ' ಎಂಬ ಸ್ಥಿತಿ ಇದೆ. ಜಪಾನಿನಲ್ಲಿ ಆಕ್ಟೋಪಸ್ ಹಿಡಿಯುವ ಮಡಕೆಯ ಹೆಸರು ಅದು, ಹೃದಯ ಆಗ ಆ ಆಕಾರಕ್ಕೆ ಉಬ್ಬುತ್ತದೆ. ಆದರೆ ಕುರ್ಚಿಯಲ್ಲಿ ಕೂತು ಪುಟ ತಿರುಗಿಸುವುದು ಆ ಮಟ್ಟದ ಆಘಾತವಲ್ಲ. ಓದುವಾಗ ವೇಗ ನಿಮ್ಮ ಕೈಯಲ್ಲಿರುತ್ತದೆ, ಭಯ ಜಾಸ್ತಿಯಾದರೆ ಪುಸ್ತಕ ಮುಚ್ಚಿ ನೀರು ಕುಡಿದು ಬರಬಹುದು.

ಎದೆ ಮೇಲೆ ಕೂತದ್ದು ಯಾರು?

ಈಗ ಆ ಬೆಳಗಿನ ಜಾವಕ್ಕೆ ಬರೋಣ. ಮಾವನ ಮನೆಯಲ್ಲಿ ಎಲ್ಲರನ್ನೂ ನಿಜವಾಗಿ ಹೆದರಿಸಿದ್ದು ಪುಸ್ತಕಕ್ಕಿಂತ ಹೆಚ್ಚಾಗಿ ಇದೇ.

ಕನಸು ಜಾಸ್ತಿ ಬೀಳುವ ನಿದ್ದೆಯ ಹಂತದಲ್ಲಿ ಮಿದುಳು ಮೈಯ ಸ್ನಾಯುಗಳನ್ನು ಬೇಕೆಂದೇ ಸಡಿಲ ಬಿಟ್ಟಿರುತ್ತದೆ. ಕನಸಿನಲ್ಲಿ ಓಡಿದರೆ ಹಾಸಿಗೆಯಿಂದ ಎದ್ದು ನಿಜವಾಗಿ ಓಡಬಾರದಲ್ಲ. ಒಮ್ಮೊಮ್ಮೆ ಲೆಕ್ಕ ತಪ್ಪಿ, ಸ್ನಾಯುಗಳು ಏಳುವ ಮೊದಲೇ ಅರಿವು ಎದ್ದುಬಿಡುತ್ತದೆ. ಕಣ್ಣು ತೆರೆದಿರುತ್ತದೆ, ಕೋಣೆ ಕಾಣುತ್ತದೆ, ಮೈ ಮಾತು ಕೇಳುವುದಿಲ್ಲ. ಕನಸಿನ ಬಾಲ ಇನ್ನೂ ಉಳಿದಿರುವುದರಿಂದ ಕೋಣೆಯಲ್ಲಿ ಯಾರೋ ಇದ್ದಾರೆ ಅನ್ನಿಸುತ್ತದೆ. ಆ ಹಂತದ ಉಸಿರಾಟ ಮೇಲುಮೇಲಕ್ಕೇ ಇರುವುದರಿಂದ, ಜೋರಾಗಿ ಉಸಿರೆಳೆಯಲು ಹೋದರೆ ಎದೆ ಒತ್ತಿದಂತಾಗುತ್ತದೆ. ಇದನ್ನು ನಿದ್ರಾ ಪಾರ್ಶ್ವವಾಯು ಅನ್ನುತ್ತಾರೆ. ಹೆಸರಿನಲ್ಲಿ ಪಾರ್ಶ್ವವಾಯು ಇದ್ದರೂ ಲಕ್ವಕ್ಕೂ ಇದಕ್ಕೂ ಸಂಬಂಧವಿಲ್ಲ. ಕೆಲವು ಸೆಕೆಂಡಿನಿಂದ ಒಂದೆರಡು ನಿಮಿಷದಲ್ಲಿ ತಾನಾಗೇ ಹೋಗುತ್ತದೆ.

ನೂರರಲ್ಲಿ ಸುಮಾರು ಎಂಟು ಜನರಿಗೆ ಜೀವನದಲ್ಲಿ ಒಮ್ಮೆಯಾದರೂ ಇದು ಆಗಿರುತ್ತದೆ, ವಿದ್ಯಾರ್ಥಿಗಳಲ್ಲಿ ಇನ್ನೂ ಜಾಸ್ತಿ. ನಮ್ಮಲ್ಲಿ ದೆವ್ವ ಎದೆ ಮೇಲೆ ಕೂತಿತು ಅನ್ನುತ್ತೇವೆ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಮುದಿ ಮಾಟಗಾತಿ ಕೂತಳು ಅನ್ನುತ್ತಾರೆ. ಜಪಾನಿನಲ್ಲಿ ಕನಶಿಬಾರಿ, ಅಂದರೆ ಕಬ್ಬಿಣದಿಂದ ಬಿಗಿದಂತೆ ಕಟ್ಟಿಹಾಕಿದರು ಅನ್ನುತ್ತಾರೆ. ಅನುಭವ ಎಲ್ಲ ಕಡೆ ಒಂದೇ, ಕೂತವರ ಹೆಸರು ಮಾತ್ರ ಊರಿಗೊಂದು.

ಇದು ಬರುವ ಸಾಧ್ಯತೆ ಜಾಸ್ತಿಯಾಗುವುದು ನಿದ್ದೆ ಕೆಟ್ಟಾಗ, ಮಲಗುವ ಹೊತ್ತು ಏರುಪೇರಾದಾಗ, ಮನಸ್ಸಿಗೆ ಒತ್ತಡ ಇದ್ದಾಗ, ಅಂಗಾತ ಮಲಗಿದಾಗ. ಹುಡುಗಿ ಮೂರು ರಾತ್ರಿ ಎರಡು ಗಂಟೆಯವರೆಗೆ ಎದ್ದಿದ್ದಳು, ಪರೀಕ್ಷೆಯ ಚಿಂತೆ ಬೇರೆ ಇತ್ತು. ಅವಳು ಆ ಮೂರು ರಾತ್ರಿ ಗಣಿತದ ಪುಸ್ತಕ ಓದಿದ್ದರೂ ಹೀಗೆ ಆಗಬಹುದಿತ್ತು. ಆದರೆ ಆಗ ಬಾಗಿಲಲ್ಲಿ ನಿಂತವರಿಗೆ ಕಾದಂಬರಿಯ ಮುಖ ಇರುತ್ತಿರಲಿಲ್ಲವೇನೋ. (ಗಣಿತದ ಮೇಷ್ಟ್ರ ಮುಖ ಇರುತ್ತಿತ್ತು ಅಂತ ಅವಳೇ ಆಮೇಲೆ ನಕ್ಕಳು.)

'ತುಳಸಿದಳ'ದ ಮಂತ್ರ

ಈಗಿನ ಹುಡುಗರಿಗೆ ಗೊತ್ತಿಲ್ಲದಿರಬಹುದು. ಯಂಡಮೂರಿ ವೀರೇಂದ್ರನಾಥ್ ತೆಲುಗಿನಲ್ಲಿ ಬರೆದ 'ತುಳಸಿದಳಂ', ವಂಶಿಯವರ ಅನುವಾದದಲ್ಲಿ ಕನ್ನಡಕ್ಕೆ ಬಂದು ಮನೆಮಾತಾದ ಕಾದಂಬರಿ. ತುಳಸಿ ಎಂಬ ಪುಟ್ಟ ಹುಡುಗಿಯ ಮೇಲೆ ನಡೆಯುವ ಕ್ಷುದ್ರ ಪ್ರಯೋಗದ ಕಥೆ. 'ಕಾಷ್ಮೋರ' ಅನ್ನುವ ಪದ ಕೇಳಿದರೆ ಐವತ್ತು ದಾಟಿದವರು ಇವತ್ತಿಗೂ ಒಂದು ಕ್ಷಣ ಸುಮ್ಮನಾಗುತ್ತಾರೆ. 1985ರಲ್ಲಿ ಇದು ಕನ್ನಡ ಸಿನಿಮಾ ಕೂಡ ಆಯಿತು. ಪೇಟೆಯ ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ದಿನದ ಬಾಡಿಗೆಗೆ ಪುಸ್ತಕ ತಂದು, ತಾನು ಓದಿ, ಅಕ್ಕನಿಗೆ ಕೊಟ್ಟು, ಪಕ್ಕದ ಮನೆಗೆ ದಾಟಿಸುತ್ತಿದ್ದ ಕಾಲ ಅದು. ನನ್ನ ಅಮ್ಮ ಹಾಗೆ ಓದಿದವಳು. ಅಟ್ಟದ ಮೇಲಿದ್ದದ್ದು ಅವಳು ಮದುವೆಗೆ ಮುಂಚೆ ಕೊಂಡ ಪ್ರತಿ. ಓದಿದ ಮೇಲೆ ಅವಳು ಮದುವೆಯಾದಳು, ನನ್ನನ್ನು ಹೆತ್ತಳು, ಈಗ ವಾಟ್ಸಾಪಿನಲ್ಲಿ ಗುಡ್ ಮಾರ್ನಿಂಗ್ ಹೂವು ಕಳುಹಿಸುತ್ತಾಳೆ.

ಆ ಕಾದಂಬರಿ ಮಾಂತ್ರಿಕರನ್ನು ತರುವ ಹಾಗೆಯೇ ವೈದ್ಯರನ್ನೂ ಹಿಪ್ನಾಟಿಸಂ ಬಲ್ಲವರನ್ನೂ ತರುತ್ತದೆ. ಒಂದು ಕಾಲು ದೆವ್ವದ ಕಥೆಯಲ್ಲಿ, ಇನ್ನೊಂದು ಕಾಲು ವಿಜ್ಞಾನದ ಕಥೆಯಲ್ಲಿ. ಓದುಗರು ಅಷ್ಟು ಹೆದರಿದ್ದಕ್ಕೆ ಇದೂ ಕಾರಣ ಅಂತ ನನ್ನ ಅಂದಾಜು. ಬರೀ ದೆವ್ವ ಬಂದಿದ್ದರೆ ಅಜ್ಜಿ ಕಥೆ ಅಂತ ತಳ್ಳಿಹಾಕಬಹುದಿತ್ತು. ಪಕ್ಕದಲ್ಲಿ ಡಾಕ್ಟರು ನಿಂತರೆ ಕಥೆ ನಂಬುವಂತೆ ಕಾಣುತ್ತದೆ. ಇದು ಹಳೇ ಉಪಾಯ. 1818ರಲ್ಲಿ ಮೇರಿ ಶೆಲ್ಲಿ 'ಫ್ರಾಂಕೆನ್‌ಸ್ಟೈನ್' ಬರೆದಾಗ ಹೆಣಕ್ಕೆ ಜೀವ ಬರುವುದು ಮಂತ್ರದಿಂದಲ್ಲ, ವಿಜ್ಞಾನ ಓದಿದ ಹುಡುಗನ ಪ್ರಯೋಗದಿಂದ. ಫಾರ್ವರ್ಡ್ ಬರೆಯುವವರಿಗೂ ಈ ಗುಟ್ಟು ಗೊತ್ತು. ಅದಕ್ಕೇ ಎಲ್ಲ ಸುಳ್ಳಿನಲ್ಲೂ ಒಬ್ಬ ವಿಜ್ಞಾನಿಯೋ ಡಾಕ್ಟರೋ ಇರುತ್ತಾನೆ.

ಮಂತ್ರ ತಗಲುತ್ತದೆಯೇ ಅಂತ ಮಾವ ನೇರವಾಗಿ ಕೇಳಿದರು. ಶಬ್ದ ಅಂದರೆ ಗಾಳಿಯ ಅಲುಗಾಟ, ಅಕ್ಷರ ಅಂದರೆ ಶಾಯಿ. ಅವುಗಳಲ್ಲಿ ಅರ್ಥ ಇರುತ್ತದೆ, ಆ ಅರ್ಥಕ್ಕೆ ನಮ್ಮ ಮನಸ್ಸು ಪ್ರತಿಕ್ರಿಯೆ ಕೊಡುತ್ತದೆ, ಅಷ್ಟೇ. ಆದರೆ ಆ 'ಅಷ್ಟೇ' ಚಿಕ್ಕದಲ್ಲ. ತೊಂದರೆಯಾಗುತ್ತದೆ ಅಂತ ಬಲವಾಗಿ ನಂಬಿದವರಿಗೆ ನಿಜಕ್ಕೂ ತೊಂದರೆ ಅನ್ನಿಸುತ್ತದೆ. ವೈದ್ಯರು ಇದನ್ನು 'ನೊಸೀಬೊ' ಅನ್ನುತ್ತಾರೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು, ಕೊಲೆಸ್ಟರಾಲ್ ಮಾತ್ರೆಯಿಂದ ಮೈಕೈ ನೋವು ಬರುತ್ತದೆಂದು ಮಾತ್ರೆ ಬಿಟ್ಟಿದ್ದ 60 ಜನರನ್ನು ಪರೀಕ್ಷಿಸಿದರು. ಕೆಲವು ತಿಂಗಳು ನಿಜವಾದ ಮಾತ್ರೆ, ಕೆಲವು ತಿಂಗಳು ಒಳಗೆ ಔಷಧವೇ ಇಲ್ಲದ ಮಾತ್ರೆ, ಇನ್ನು ಕೆಲವು ತಿಂಗಳು ಏನೂ ಇಲ್ಲ. 2020ರಲ್ಲಿ ಬಂದ ಫಲಿತಾಂಶ ನೋಡಿದರೆ, ನಿಜವಾದ ಮಾತ್ರೆಯಿಂದ ಅವರಿಗೆ ಆಗುತ್ತಿದ್ದ ತೊಂದರೆಯಲ್ಲಿ ಸುಮಾರು ನೂರಕ್ಕೆ 90 ಪಾಲು ಔಷಧವಿಲ್ಲದ ಮಾತ್ರೆ ನುಂಗಿದಾಗಲೂ ಆಗುತ್ತಿತ್ತು. ನೋವು ಸುಳ್ಳಲ್ಲ, ಕಾರಣ ಬೇರೆ.

ಅಂದರೆ ಆ ಮೆಸೇಜೇ ಒಂದು ಸಣ್ಣ ನೊಸೀಬೊ. ಎದೆ ಹಿಡಿದುಕೊಳ್ಳುತ್ತದೆ ಅಂತ ಮೊದಲೇ ಓದಿ ಮಲಗಿದವರು ರಾತ್ರಿಯೆಲ್ಲ ತಮ್ಮ ಎದೆಯನ್ನೇ ಗಮನಿಸುತ್ತಾರೆ. ಗಮನಿಸಿದಷ್ಟೂ ಬಡಿತ ಜೋರಾಗಿ ಕೇಳುತ್ತದೆ.

ಕೊಳ್ಳೇಗಾಲ ಅನ್ನುವ ಕಥೆ

ನಮ್ಮ ಗ್ರೂಪಿಗೆ ಬಂದ ಮೆಸೇಜಿನ ಕೊನೆಯಲ್ಲಿ ಇನ್ನೊಂದು ಸಾಲಿತ್ತು. ಕಾದಂಬರಿಯ ಮಂತ್ರಗಳು ಕೊಳ್ಳೇಗಾಲದಿಂದ ತಂದವು, ಅದಕ್ಕೇ ಅಷ್ಟು ಪವರ್ ಅಂತ. ತೆಲುಗಿನಲ್ಲಿ ಬರೆದ ಕಾದಂಬರಿಗೆ ಕೊಳ್ಳೇಗಾಲ ಎಲ್ಲಿಂದ ಬಂತು? ಕರ್ನಾಟಕದಲ್ಲಿ ಮಾಟದ ಮಾತು ಬಂದರೆ ಆ ಹೆಸರು ತಾನಾಗೇ ಬರುತ್ತದೆ, ಹಾಗೆ ಬಂತು.

ನಮ್ಮ ಕಡೆಯವರಿಗೆ ಇದು ಹುಟ್ಟಿದಂದಿನಿಂದ ಇರುವ ತಲೆನೋವು. ಬೆಂಗಳೂರಿನ ಹಾಸ್ಟೆಲಿನಲ್ಲಿ ನಾನು ಕೊಳ್ಳೇಗಾಲದ ಕಡೆಯವಳು ಅಂದ ಕೂಡಲೇ ಒಬ್ಬಳು ತನ್ನ ಬಾಚಣಿಗೆಯನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಡತೊಡಗಿದಳು. ಕೂದಲು ಸಿಕ್ಕಿಬಿಟ್ಟರೆ! ಮೊದಲ ವಾರ ನಗು ಬಂತು, ಆಮೇಲೆ ಬರಲಿಲ್ಲ. ಈ ಸೀಮೆ ರೇಷ್ಮೆ ಸೀರೆಗೆ ಹೆಸರಾದದ್ದು. ಮಲೆ ಮಹದೇಶ್ವರ ಬೆಟ್ಟ, ಬಿಳಿಗಿರಿರಂಗನ ಬೆಟ್ಟ ಇಲ್ಲೇ ಇವೆ. ಆದರೆ ಹೊರಗಿನವರಿಗೆ ನೆನಪಾಗುವುದು ನಿಂಬೆಹಣ್ಣು, ಕುಂಕುಮ.

ಯಾಕೆ ಈ ಊರೇ? ನನಗೆ ಸರಿ ಅನ್ನಿಸುವ ಒಂದು ಕಾರಣ ಹೇಳುತ್ತೇನೆ, ಇದು ನನ್ನ ಊಹೆ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿರಲಿಲ್ಲ. ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಮೈಸೂರಿನವರ ಕಣ್ಣಿಗೆ ಅದು ಕಾವೇರಿಯಾಚೆಯ, ಕಾಡಂಚಿನ, ಬೇರೆ ಸರ್ಕಾರದ ಊರು. ಮಾಟಗಾರರು ಯಾವಾಗಲೂ ಗಡಿಯಾಚೆಯೇ ಇರುತ್ತಾರೆ. ಕರಾವಳಿಯವರಿಗೆ ಕೇರಳದಲ್ಲಿರುತ್ತಾರೆ, ಮೈಸೂರಿನವರಿಗೆ ಕೊಳ್ಳೇಗಾಲದಲ್ಲಿರುತ್ತಾರೆ. ಸಿನಿಮಾದವರಿಗೆ ಸಿದ್ಧ ಹೆಸರೊಂದು ಸಿಕ್ಕಿತು, ಹೆಸರು ನಂಬಿ ದೂರದಿಂದ ಗಿರಾಕಿಗಳು ಬರತೊಡಗಿದರು, ಗಿರಾಕಿ ಬಂದ ಮೇಲೆ ಅಂಗಡಿ ತೆರೆಯುವವರು ಹುಟ್ಟಿಕೊಂಡರು. ಕಥೆ ಮೊದಲು ಬಂತು, ವ್ಯಾಪಾರ ಆಮೇಲೆ.

ಭಯದ ಕಥೆ ನಮಗೆ ಹೊಸದಲ್ಲ. ಕಂಸಾಳೆಯವರು ಮಾದಪ್ಪನ ಕಥೆಯನ್ನು ರಾತ್ರಿಯಿಡೀ ಹಾಡುತ್ತಾರೆ. ಶ್ರವಣ ದೊರೆಯ ಸೆರೆಯಲ್ಲಿ ದೇವಾನುದೇವತೆಗಳು ಒದ್ದಾಡುವ ಭಾಗ ಬಂದಾಗ ಮಕ್ಕಳು ಅಜ್ಜಿಯ ಸೆರಗಿನೊಳಗೆ ನುಸುಳುತ್ತವೆ. ಆದರೆ ಸುತ್ತ ಇಡೀ ಊರು ಕೂತಿರುತ್ತದೆ, ತಾಳದ ಸದ್ದಿರುತ್ತದೆ, ಮಾದಪ್ಪ ಗೆಲ್ಲುತ್ತಾನೆ ಅಂತ ಎಲ್ಲರಿಗೂ ಗೊತ್ತಿರುತ್ತದೆ. ಕಾದಂಬರಿಯನ್ನು ಹುಡುಗಿ ಒಬ್ಬಳೇ ಹೊದಿಕೆಯೊಳಗೆ ಮೊಬೈಲ್ ಟಾರ್ಚ್ ಹಿಡಿದು ಓದಿದಳು. ವ್ಯತ್ಯಾಸ ಮಂತ್ರದ್ದಲ್ಲ, ಜೊತೆಯದ್ದು.

ಮುಖಪುಟ ಹರಿದ ಪುಟ

ಕಾದಂಬರಿಗೂ ಫಾರ್ವರ್ಡಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಕಾದಂಬರಿಗೆ ಮುಖಪುಟ ಇರುತ್ತದೆ. ಅದರ ಮೇಲೆ ಲೇಖಕರ ಹೆಸರು, 'ಕಾದಂಬರಿ' ಅನ್ನುವ ಪದ, ಬೆಲೆ. ಒಳಗೆ ಏನೇ ಬರಲಿ, ಇದು ಕಟ್ಟಿದ ಕಥೆ ಅಂತ ಆ ಹಾಳೆ ಹೇಳುತ್ತಿರುತ್ತದೆ. ಫಾರ್ವರ್ಡ್ ಮಾಡುವವರು ಮೊದಲು ಹರಿದು ಹಾಕುವುದು ಅದನ್ನೇ.

2020ರ ಆರಂಭದಲ್ಲಿ ನಿಮ್ಮಲ್ಲೂ ಹಲವರಿಗೆ ಒಂದು ಇಂಗ್ಲಿಷ್ ಪುಟದ ಫೋಟೋ ಬಂದಿರುತ್ತದೆ. 'ವುಹಾನ್-400' ಅನ್ನುವ ವೈರಸ್ ಬಗ್ಗೆ 1981ರಲ್ಲೇ ಬರೆದಿದ್ದರು, ಕೊರೊನಾ ಬರುವುದು ಮೊದಲೇ ಗೊತ್ತಿತ್ತು ಅಂತ ಅದರ ಜೊತೆ ಒಕ್ಕಣೆ. ಪುಟ ನಿಜವಾದ ಪುಸ್ತಕದ್ದೇ. ಡೀನ್ ಕೂಂಟ್ಜ್ ಎಂಬ ಅಮೆರಿಕದ ಲೇಖಕ ಬರೆದ 'ದಿ ಐಸ್ ಆಫ್ ಡಾರ್ಕ್‌ನೆಸ್' ಎಂಬ ಭಯದ ಕಾದಂಬರಿ. ಆದರೆ 1981ರ ಮೊದಲ ಮುದ್ರಣದಲ್ಲಿ ಅದು 'ಗೋರ್ಕಿ-400' ಆಗಿತ್ತು. ಆಗ ಅಮೆರಿಕದವರಿಗೆ ಭಯ ಇದ್ದದ್ದು ಸೋವಿಯತ್ ರಷ್ಯಾದ ಮೇಲೆ, ಗೋರ್ಕಿ ಅಲ್ಲಿನ ಊರು. ಸೋವಿಯತ್ ಭಯ ಇಳಿಯುತ್ತಿದ್ದ 1989ರ ಮುದ್ರಣದಲ್ಲಿ ಊರು ವುಹಾನ್ ಆಯಿತು. ಕಾದಂಬರಿಯ ವೈರಸ್ ತಗಲಿದ ನಾಲ್ಕೇ ಗಂಟೆಯಲ್ಲಿ ಕಾಣಿಸಿಕೊಂಡು, ತಗಲಿದ ಎಲ್ಲರನ್ನೂ ಕೊಲ್ಲುತ್ತದೆ. ಕೋವಿಡ್ ಹಾಗಿರಲಿಲ್ಲ. ಅದರ ಲಕ್ಷಣ ಕಾಣಿಸಲು ಎರಡರಿಂದ ಹದಿನಾಲ್ಕು ದಿನ ಹಿಡಿಯುತ್ತಿತ್ತು, ಸೋಂಕಿತರಲ್ಲಿ ಬಹುಪಾಲು ಜನ ಬದುಕಿದರು. ಅದೇ ಫಾರ್ವರ್ಡಿನಲ್ಲಿ ಓಡಾಡಿದ ಇನ್ನೊಂದು ಪುಟ, ಸಿಲ್ವಿಯಾ ಬ್ರೌನ್ ಎಂಬ ಭವಿಷ್ಯ ಹೇಳುವವರ 2008ರ ಬೇರೆಯೇ ಪುಸ್ತಕದ್ದು. ಎರಡನ್ನೂ ಅಂಟಿಸಿ ಒಂದೇ ಪುಸ್ತಕ ಅನ್ನುವಂತೆ ಕಳುಹಿಸಿದ್ದರು.

ಮುಖಪುಟ ಹರಿದರೆ ಏನಾಗುತ್ತದೆ ಅನ್ನುವುದಕ್ಕೆ ಹಳೆಯ ಉದಾಹರಣೆ ಒಂದಿದೆ, ಅದರಲ್ಲೂ ಒಂದು ಸುಳ್ಳು ಸೇರಿಕೊಂಡಿದೆ. ಮಂಗಳ ಗ್ರಹದವರು ಭೂಮಿಗೆ ದಾಳಿ ಮಾಡುವ ಕಥೆಯನ್ನು ಎಚ್. ಜಿ. ವೆಲ್ಸ್ 1898ರಲ್ಲಿ ಕಾದಂಬರಿಯಾಗಿ ತಂದರು. 1938ರ ಅಕ್ಟೋಬರ್ 30ರಂದು ಆರ್ಸನ್ ವೆಲ್ಸ್ ತಂಡ ಅದನ್ನು ಅಮೆರಿಕದ ರೇಡಿಯೊದಲ್ಲಿ ವಾರ್ತೆಯ ಧಾಟಿಯಲ್ಲಿ ನಾಟಕ ಮಾಡಿತು. ಇಡೀ ದೇಶ ಬೀದಿಗೆ ಓಡಿಬಂತು ಅಂತ ಇವತ್ತಿಗೂ ಬರೆಯುತ್ತಾರೆ. ಅಂದು ರಾತ್ರಿ ಸುಮಾರು 5,000 ಮನೆಗಳಿಗೆ ಫೋನ್ ಮಾಡಿ ನಡೆಸಿದ ಸಮೀಕ್ಷೆಯಲ್ಲಿ ಆ ಕಾರ್ಯಕ್ರಮ ಕೇಳುತ್ತಿದ್ದವರು ನೂರಕ್ಕೆ ಎರಡೇ ಜನ. ಹೆದರಿದವರು ಇದ್ದರು, ದೇಶವೇ ಹೆದರಲಿಲ್ಲ. ಅದನ್ನು ಹಿಗ್ಗಿಸಿದ್ದು ಮರುದಿನದ ಪತ್ರಿಕೆಗಳು.

ನಿಜವಾದ ದುರಂತ ನಡೆದದ್ದು 1949ರ ಫೆಬ್ರವರಿಯಲ್ಲಿ, ಈಕ್ವೆಡಾರ್ ದೇಶದ ಕೀಟೊ ನಗರದಲ್ಲಿ. ಅಲ್ಲಿಯ ರೇಡಿಯೊ ಅದೇ ಕಥೆಯನ್ನು, ಇದು ನಾಟಕ ಅಂತ ಮೊದಲು ಹೇಳದೆ, ಊರಿನ ಹೆಸರುಗಳನ್ನು ಸೇರಿಸಿ ಪ್ರಸಾರ ಮಾಡಿತು. ಜನ ಬೀದಿಗೆ ಬಂದರು. ಆಮೇಲೆ ನಾಟಕ ಅಂತ ಗೊತ್ತಾದಾಗ ಸಿಟ್ಟಿಗೆದ್ದು ರೇಡಿಯೊ ಇದ್ದ ಕಟ್ಟಡಕ್ಕೇ ಬೆಂಕಿ ಹಚ್ಚಿದರು, ಕನಿಷ್ಠ ಆರು ಜನ ಸತ್ತರು. ಅಷ್ಟು ಹೊತ್ತಿಗೆ ವೆಲ್ಸರ ಕಾದಂಬರಿಯನ್ನು ಪುಸ್ತಕವಾಗಿ ಐವತ್ತು ವರ್ಷ ಓದಿಯಾಗಿತ್ತು.

ಯಾರು ಸ್ವಲ್ಪ ದೂರ ಇರಬೇಕು

ಭಯದ ಪುಸ್ತಕ ಎಲ್ಲರಿಗೂ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಸಿನಿಮಾ, ಕಥೆಗಳಿಂದ ಚಿಕ್ಕಂದಿನಲ್ಲಿ ಹೆದರಿದ್ದು ದೊಡ್ಡವರಾದ ಮೇಲೂ ಕಾಡುವುದುಂಟು. ಅಮೆರಿಕದಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಕೇಳಿದ ಅಧ್ಯಯನವೊಂದರಲ್ಲಿ ಕಾಲು ಭಾಗದಷ್ಟು ಜನ ಆ ಭಯ ಇನ್ನೂ ಪೂರ್ತಿ ಹೋಗಿಲ್ಲ ಅಂದರು. ಪುಟ್ಟ ಮಕ್ಕಳಿಗೆ ಕಥೆ ಬೇರೆ, ನಿಜ ಬೇರೆ ಅನ್ನುವ ಗೆರೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಹಿಂದೆ ಕೆಟ್ಟ ಘಟನೆ ಕಂಡವರು, ಗಾಬರಿಯ ಕಾಯಿಲೆ ಇರುವವರು, ವಾರಗಟ್ಟಲೆ ಕೆಟ್ಟ ಕನಸು ಬೀಳುತ್ತಿರುವವರು ಬಿಡುವುದೇ ವಾಸಿ. ಇನ್ನೊಂದು ಕಡೆ, ಕೊರೊನಾ ಆರಂಭದ ತಿಂಗಳುಗಳಲ್ಲಿ ಸುಮಾರು 300 ಜನರನ್ನು ಕೇಳಿದಾಗ ಭಯದ ಕಥೆ ಇಷ್ಟಪಡುವವರು ಆ ದಿನಗಳಲ್ಲಿ ಕಡಿಮೆ ಕಂಗೆಟ್ಟಿದ್ದರು. ಭಯವನ್ನು ಅಭ್ಯಾಸ ಮಾಡಿಕೊಂಡಿದ್ದರೋ, ಮೊದಲೇ ಗಟ್ಟಿ ಮನಸ್ಸಿನವರೋ, ಆ ಅಧ್ಯಯನದಿಂದ ಹೇಳಲಾಗದು.

ರಾತ್ರಿ ಹೆದರಿಕೆಯಾದರೆ ಪುಸ್ತಕ ಅರ್ಧಕ್ಕೆ ಬಿಡುವ ಬದಲು ಆ ಅಧ್ಯಾಯ ಮುಗಿಸಿ, ದೀಪ ಹಾಕಿ, ಯಾರ ಹತ್ತಿರವಾದರೂ ಆ ಕಥೆ ಹೇಳಿ ನೋಡಿ. ಹೇಳುತ್ತಾ ಹೋದಂತೆ ಕಥೆಯ ಜೋಡಣೆ ಕಾಣುತ್ತದೆ, ಭಯ ಇಳಿಯುತ್ತದೆ. ಎದೆ ಮೇಲೆ ಕೂತಂತಾದರೆ ಒಂದು ಬೆರಳನ್ನೋ ಕಣ್ಣನ್ನೋ ಅಲ್ಲಾಡಿಸಲು ನೋಡಿ, ಉಸಿರಿಗೆ ಒದ್ದಾಡಬೇಡಿ. ಪದೇ ಪದೇ ಆದರೆ, ಹಗಲಲ್ಲೂ ತಡೆಯಲಾರದ ನಿದ್ದೆ ಬರುತ್ತಿದ್ದರೆ ವೈದ್ಯರನ್ನು ಕಾಣಿ. ಮನಸ್ಸಿನ ತೊಂದರೆಗೆ ಸರ್ಕಾರದ ಟೆಲಿ-ಮಾನಸ್ ಇದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೇಕಿಲ್ಲ.

ದೆವ್ವ ಬಿಡಿಸುತ್ತೇವೆ ಅಂತ ಹೊಡೆಯುವುದು, ಸರಪಳಿಯಲ್ಲಿ ಕಟ್ಟುವುದು, ಮೆಣಸಿನಕಾಯಿ ಹೊಗೆ ಹಾಕುವುದು ಕರ್ನಾಟಕದಲ್ಲಿ ಅಪರಾಧ. ಮೌಢ್ಯ ನಿಷೇಧ ಕಾಯ್ದೆ ಅಂತ ಕರೆಯುವ 2017ರ ಕಾನೂನು 2020ರ ಜನವರಿಯಿಂದ ಜಾರಿಯಲ್ಲಿದೆ, ಒಂದರಿಂದ ಏಳು ವರ್ಷದವರೆಗೆ ಶಿಕ್ಷೆ ಇದೆ. ಇದನ್ನು ಹೇಳಿದಾಗ ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದ್ಯಾಕ್ ಹೊಡದಾರು, ಬರೀ ನಿಂಬೆಹಣ್ಣು ಕನಾ" ಅಂದರು. ಹನ್ನೊಂದು ಸಾವಿರಕ್ಕೆ ಎಷ್ಟು ನಿಂಬೆಹಣ್ಣು ಬರುತ್ತದೆ ಅಂತ ಅತ್ತೆ ಹಿಂದಿನಿಂದ ಕೇಳಿದ್ದು ನನಗೂ ಕೇಳಿಸಿತು.

ಅವರು ಯಾರ ಬಳಿಗೂ ಹೋಗಲಿಲ್ಲ. ಪುಸ್ತಕವನ್ನು ಸುಡಲೂ ಇಲ್ಲ, ಗೋಡೌನಿನಂಥ ಹಿಂದಿನ ಕೋಣೆಯಲ್ಲಿ ರಾಗಿ ಚೀಲದ ಕೆಳಗೆ ಇಟ್ಟಿದ್ದಾರಂತೆ. ಹುಡುಗಿಗೆ ಹತ್ತು ಗಂಟೆಗೆ ಮಲಗುವ ಕಟ್ಟಳೆಯಾಯಿತು. ಆ ಭಾರ ಮತ್ತೆ ಒಮ್ಮೆ ಬಂತಂತೆ, ಆಗ ಅವಳು ಹೆಬ್ಬೆರಳು ಅಲ್ಲಾಡಿಸಲು ನೋಡುತ್ತಾ ಮನಸ್ಸಿನಲ್ಲೇ ಎಣಿಸಿದಳಂತೆ, ನಲವತ್ತಕ್ಕೆ ಬಿಟ್ಟುಹೋಯಿತು. ಪರೀಕ್ಷೆ ಮುಗಿದ ದಿನ ಅವಳಿಂದ ಮೆಸೇಜು ಬಂತು: "ಅಕ್ಕ, ತುಳಸಿದಳಕ್ಕೆ ಎರಡನೇ ಭಾಗ ಇದೆಯಂತೆ. ನಿನ್ನ ಹತ್ರ ಇದ್ಯಾ?"